ಮನೆ ರಿಪೇರಿಗೆ ಪಳಗಿದ ಕೈ, ಸರಿಯಾದ ಕೂಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಲ್ಲಿ ತೊಟ್ಟಿಕ್ಕುತ್ತದೆ, ಗೋಡೆ ಒದ್ದೆಯಾಗುತ್ತದೆ, ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದೆ. ಯಾರನ್ನಾದರೂ ಕರೆಸಲೇಬೇಕು. ಕರೆಸಿದ ಮೇಲೆ ಎಲ್ಲರ ತಲೆಯಲ್ಲೂ ಓಡುವುದು ಒಂದೇ ಅನುಮಾನ: ಇವರು ಕೇಳುತ್ತಿರುವುದು ಸರಿಯಾ, ಇಲ್ಲಾ ಟೋಪಿ ಹಾಕುತ್ತಿದ್ದಾರಾ? ನಾನು ಮನೆ ನೋಡಿಕೊಳ್ಳಲು ಶುರು ಮಾಡಿ ತುಂಬಾ ವರ್ಷ ಆಯಿತು. ಜಾಸ್ತಿ ಕೊಟ್ಟು ಬೇಸರಪಟ್ಟಿದ್ದೇನೆ. ಕಡಿಮೆ ಕೊಟ್ಟು ಅದಕ್ಕಿಂತ ಜಾಸ್ತಿ ಬೇಸರಪಟ್ಟಿದ್ದೇನೆ. ಗೆಳೆಯರು, ನೆಂಟರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ನನಗೆ ತಿಳಿದ ಉತ್ತರ ಇಲ್ಲಿದೆ.

ಪ್ರಶ್ನೆ: ಹದಿನೈದು ನಿಮಿಷದ ಕೆಲಸಕ್ಕೆ ಅರ್ಧ ದಿನದ ಕೂಲಿ ಕೇಳುತ್ತಾರಲ್ಲ, ಇದು ಯಾವ ನ್ಯಾಯ?

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಗೀಸರ್ ಹಾಕಿದಾಗೆಲ್ಲ ಬೋರ್ಡಿನಲ್ಲಿದ್ದ ಆರ್‌ಸಿಸಿಬಿ ಟಪ್ ಅಂತ ಬೀಳುತ್ತಿತ್ತು. ಕರೆಂಟು ಎಲ್ಲಾದರೂ ಭೂಮಿಗೆ ಸೋರಿದರೆ ಇಡೀ ಮನೆಯ ಸರಬರಾಜನ್ನೇ ನಿಲ್ಲಿಸುವ ಸ್ವಿಚ್ ಅದು. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿ ಆಂಪಿಯರ್‌ನದ್ದು. ಅಷ್ಟು ಚಿಕ್ಕ ಸೋರಿಕೆಗೇ ಬಿದ್ದುಬಿಡುತ್ತದೆ.

ಮೊದಲು ಬಂದ ಹುಡುಗ ಗೀಸರಿನ ಕಾಯಿಲ್ ಬದಲಾಯಿಸಿದ. ಎರಡು ದಿನ ಸರಿಯಿತ್ತು, ಮತ್ತೆ ಶುರು. ಎರಡನೆಯವರು ಬಂದು ಆರ್‌ಸಿಸಿಬಿಯೇ ಹಾಳಾಗಿದೆ ಅಂದರು, ಹೊಸದು ಹಾಕಿಸಿದೆವು. ಅದೂ ಬಿತ್ತು. ಇಬ್ಬರ ಕೂಲಿಯೂ ಕಡಿಮೆಯೇ. ಆದರೆ ಒಂದು ಕಾಯಿಲ್, ಒಂದು ಆರ್‌ಸಿಸಿಬಿ ಸುಮ್ನೆ ದಂಡ.

ಮೂರನೆಯದಾಗಿ ಬಂದವರು ವಯಸ್ಸಾದ ಎಲೆಕ್ಟ್ರಿಷಿಯನ್. ಗೀಸರ್ ಕಡೆ ತಿರುಗಿಯೂ ನೋಡಲಿಲ್ಲ. "ಇಸ್ತ್ರಿ ಪೆಟ್ಟಿಗೆ ಹಾಕಿದ್ರೂ ಬೀಳುತ್ತಾ?" ಅಂತ ಕೇಳಿದರು. ಒಂದೊಂದು ಸಲ ಬೀಳುತ್ತದೆ ಅಂದೆ. ಮೇನ್ ಆಫ್ ಮಾಡಿ, ಬೋರ್ಡ್ ಬಿಚ್ಚಿ, ಕರೆಂಟು ವಾಪಸ್ ಹೋಗುವ ವೈರುಗಳೆಲ್ಲ ಸೇರುವ ನ್ಯೂಟ್ರಲ್ ಪಟ್ಟಿಯಿಂದ ವೈರುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದಕ್ಕೂ ಮೆಗ್ಗರ್ (ವೈರಿನ ಸಿಪ್ಪೆ ಗಟ್ಟಿ ಇದೆಯಾ, ಸೋರುತ್ತಾ ಅಂತ ಅಳೆಯುವ ಮೀಟರ್) ಹಚ್ಚಿ ನೋಡುತ್ತಾ ಹೋದರು. ಐದನೆಯ ವೈರಿಗೆ ಮುಳ್ಳು ಸೊನ್ನೆಗೆ ಬಂತು. ಅದು ಗೇಟಿನ ದೀಪದ ಲೈನು. ಮಳೆನೀರು ನುಗ್ಗಿದ ಡಬ್ಬಿಯೊಳಗೆ ನ್ಯೂಟ್ರಲ್ ವೈರಿನ ಸಿಪ್ಪೆ ಸುಲಿದು ಅರ್ಥಿಗೆ, ಅಂದರೆ ಭೂಮಿಗೆ ಹೋಗುವ ವೈರಿಗೆ, ತಾಗುತ್ತಿತ್ತು. ಆ ದೀಪ ಕೆಟ್ಟು ಎಷ್ಟೋ ತಿಂಗಳಾಗಿತ್ತು. ನಾವು ಅದರ ಎಂಸಿಬಿಯನ್ನು, ಅಂದರೆ ಬೋರ್ಡಿನಲ್ಲಿ ಆ ಲೈನಿಗಿರುವ ಪುಟ್ಟ ಸ್ವಿಚ್ಚನ್ನು, ಕೆಳಗೆ ಮಾಡಿಯೇ ಇಟ್ಟಿದ್ದೆವು!

ಅಲ್ಲೇ ಇರುವುದು ವಿದ್ಯೆ. ಸಿಂಗಲ್ ಪೋಲ್ ಎಂಸಿಬಿ ಬೇರೆ ಮಾಡುವುದು ಕರೆಂಟು ತರುವ ಫೇಸ್ ವೈರನ್ನು ಮಾತ್ರ, ನ್ಯೂಟ್ರಲ್ ಹಾಗೇ ಉಳಿಯುತ್ತದೆ. ಅದು ಅರ್ಥಿಗೆ ತಾಗಿದ್ದರೆ, ಮನೆಯ ಇನ್ನೊಂದು ಮೂಲೆಯಲ್ಲಿ ಲೋಡ್ ಜಾಸ್ತಿ ಆದಾಗ ವಾಪಸ್ ಹೋಗುವ ಕರೆಂಟಿನಲ್ಲಿ ಒಂದು ಪಾಲು ಆ ದಾರಿ ಹಿಡಿದು ಭೂಮಿಗೆ ಸೋರುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಗೀಸರ್ ಪಾಪ, ಬರೀ ಸಾಕ್ಷಿ. ಹಳಬರಿಗೆ ಇದು ಹೊಳೆದದ್ದು ಆ ಒಂದು ಪ್ರಶ್ನೆಯಲ್ಲಿ. ಒಟ್ಟು ಹಿಡಿದದ್ದು ಮುಕ್ಕಾಲು ಗಂಟೆಯೂ ಇಲ್ಲ. ಕೇಳಿದ್ದು ಮೊದಲಿನ ಇಬ್ಬರ ಕೂಲಿ ಸೇರಿಸಿದ್ದಕ್ಕಿಂತ ಜಾಸ್ತಿ. ಆದರೂ ಆ ಮೂರರಲ್ಲಿ ಅಗ್ಗದ ಬಿಲ್ಲು ಅದೇ.

ಗಂಟೆ ಎಣಿಸಿ ದುಡ್ಡು ಕೊಟ್ಟರೆ ಬೇಗ ಮುಗಿಸಿದವರಿಗೆ ದಂಡ, ತಡಕಾಡಿದವರಿಗೆ ಬಹುಮಾನ ಆಗುತ್ತದೆ. ಕೈ ಪಳಗಿದಷ್ಟೂ ಹೊತ್ತು ಕಡಿಮೆ ಹಿಡಿಯುತ್ತದೆ ಅಲ್ವಾ? ಹಾಗಂತ ಕೂಲಿಯೂ ಕಡಿಮೆ ಆಗಬೇಕು ಅನ್ನುವುದು ಎಲ್ಲಿಯ ಲೆಕ್ಕ?

ಪ್ರಶ್ನೆ: ಸರಿ, ಆದರೂ ಒಂದು ದಿನದ ಕೂಲಿಯನ್ನು ಎಂಟರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಅಂತ ಬರುತ್ತದಲ್ಲ?

ಬರುತ್ತದೆ, ಆದರೆ ಅವರು ದಿನವಿಡೀ ನಿಮ್ಮ ಮನೆಯಲ್ಲೇ ಇದ್ದರೆ. ಚಿಲ್ಲರೆ ರಿಪೇರಿ ಮಾಡುವವರ ದಿನ ಹಾಗಿರುವುದಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಓಡಾಟ, ಅಂಗಡಿಗೆ ಹೋಗಿ ಸಾಮಾನು ಹುಡುಕಾಟ, ಫೋನಿನಲ್ಲಿ ಮಾತು, "ನೋಡಿ ಹೇಳಿ" ಅಂದವರ ಮನೆಗೆ ಹೋಗಿ ಬರಿಗೈಲಿ ವಾಪಸ್ಸು. ಇದಕ್ಕೆಲ್ಲ ಯಾರೂ ಕೊಡುವುದಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕೋಣ. ದಿನದ ಕೊನೆಗೆ ಅವರ ಮನೆಗೆ 100 ಪಾಲು ಹೋಗಬೇಕು ಅಂದುಕೊಳ್ಳಿ. ಗಾಡಿ, ಪೆಟ್ರೋಲು, ಡ್ರಿಲ್ಲು, ಸವೆದು ಹೋಗುವ ಬಿಟ್ಟು ಬ್ಲೇಡು, ಫೋನು, ಕೆಲಸವಿಲ್ಲದ ದಿನಗಳಿಗೆ ಒಂದಿಷ್ಟು, ಮೈ ಹುಷಾರಿಲ್ಲದ ದಿನಗಳಿಗೆ ಒಂದಿಷ್ಟು ಅಂತ ಇನ್ನೊಂದು 40 ಪಾಲು. ಒಟ್ಟು 140. ಎಂಟು ಗಂಟೆಯಲ್ಲಿ ದುಡ್ಡು ಹುಟ್ಟುವ ಗಂಟೆ ಐದು ಅಂತ ಹಿಡಿದರೆ ಗಂಟೆಗೆ 28 ಪಾಲು. ನೀವು 100ನ್ನು 8ರಿಂದ ಭಾಗಿಸಿದಾಗ ಬಂದದ್ದು 12.5. ಎರಡು ಪಟ್ಟಿಗೂ ಮೀರಿದ ಈ ಅಂತರವೇ ನಮಗೆ ಸುಲಿಗೆ ಥರ ಕಾಣುವುದು. ಸಂಬಳ ತೆಗೆದುಕೊಳ್ಳುವ ನಮಗೆ ರಜೆಯ ದಿನಕ್ಕೂ ದುಡ್ಡು ಬರುತ್ತದೆ. ಅದಕ್ಕೇ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಏನೂ ರಿಪೇರಿ ಮಾಡಲಿಲ್ಲ, ಬರೀ ನೋಡಿ ಹೋದರು. ಅದಕ್ಕೂ ಕೊಡಬೇಕಾ?

ಕೊಡಬೇಕು. ಬರುವ ಮೊದಲೇ ಎಷ್ಟು ಅಂತ ಕೇಳಿಟ್ಟುಕೊಳ್ಳಿ. "ನೋಡಿದ್ದಕ್ಕೆ ಇಷ್ಟು, ಕೆಲಸ ನಮಗೇ ಕೊಟ್ಟರೆ ಅದರಲ್ಲಿ ಕಳೆಯುತ್ತೇವೆ" ಅನ್ನುವವರ ಮಾತು ನ್ಯಾಯವಾದದ್ದು. "ಇದಕ್ಕೆ ಈಗ ಏನೂ ಮಾಡಬೇಡಿ, ಇನ್ನೂ ಎರಡು ವರ್ಷ ತಳ್ಳುತ್ತದೆ" ಅಂದವರಿಗೆ ನಾನು ಖುಷಿಯಿಂದ ಕೊಡುತ್ತೇನೆ. ಅವರು ತಮ್ಮ ಒಂದು ಸಂಪಾದನೆಯನ್ನೇ ಬಿಟ್ಟುಕೊಟ್ಟು ಆ ಮಾತು ಹೇಳಿರುತ್ತಾರೆ.

ಪ್ರಶ್ನೆ: ಸರಿಯಾದ ಬೆಲೆ ಎಷ್ಟು ಅಂತ ನನಗೆ ಗೊತ್ತಾಗುವುದು ಹೇಗೆ?

ದೊಡ್ಡ ಕೆಲಸವಾದರೆ ಮೂವರನ್ನು ಕೇಳಿ. ಕೊನೆಯಲ್ಲಿ ಬರೆದ ಮೊತ್ತವನ್ನು ಮೊದಲು ನೋಡಬೇಡಿ. ಯಾರು ಏನೇನು ಮಾಡುತ್ತೇನೆ ಅಂದಿದ್ದಾರೆ ನೋಡಿ. ಬಚ್ಚಲುಮನೆಯ ಸೋರಿಕೆಗೆ ಒಬ್ಬರು "ಟೈಲ್ಸ್ ಸಂದಿಗೆ ಗ್ರೌಟ್" ಅಂತ ಬರೆದಿರುತ್ತಾರೆ. ಇನ್ನೊಬ್ಬರು "ಟೈಲ್ಸ್ ಕೀಳುವುದು, ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ ಪರೀಕ್ಷೆ, ಆಮೇಲೆ ಟೈಲ್ಸ್, ಕಸ ಸಾಗಿಸುವುದು" ಅಂತ ಬರೆದಿರುತ್ತಾರೆ. ಎರಡೂ ಒಂದೇ ಕೆಲಸದ ಎರಡು ಬೆಲೆ ಅಲ್ಲ, ಬೇರೆ ಬೇರೆ ಕೆಲಸಗಳು. ಕೂಲಿ ಎಷ್ಟು, ಸಾಮಾನಿಗೆ ಎಷ್ಟು ಅಂತ ಬಿಡಿಸಿ ಬರೆದುಕೊಡಿ ಅನ್ನಿ. ಬಿಡಿಸಿ ಬರೆಯಲು ಒಪ್ಪದವರ ಜೊತೆ ಮುಂದೆ ಜಗಳ ಗ್ಯಾರಂಟಿ.

ಮೂವರಲ್ಲಿ ಒಬ್ಬರದ್ದು ಮಾತ್ರ ತೀರಾ ಕೆಳಗಿದ್ದರೆ ನನಗೆ ಖುಷಿಗಿಂತ ಭಯವೇ ಜಾಸ್ತಿ. ಒಂದೋ ಅವರು ಏನನ್ನೋ ಬಿಟ್ಟಿದ್ದಾರೆ, ಇಲ್ಲಾ ಅರ್ಧ ಕೆಲಸ ಆದ ಮೇಲೆ ಕೇಳುತ್ತಾರೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರಾಟದ ಮೇಲೆ ಒಂದು ಲೇಖನ ಬರೆದರು. ಕೊಳ್ಳುವವರಿಗೆ ಒಳ್ಳೆಯ ಕಾರು ಯಾವುದು, ಡಬ್ಬಾ ಯಾವುದು ಅಂತ ಗೊತ್ತಾಗದಿದ್ದರೆ ಎಲ್ಲದಕ್ಕೂ ನಡುವಿನ ಒಂದು ಬೆಲೆಯನ್ನೇ ಕೊಡುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರು ಇರುವವರಿಗೆ ಗಿಟ್ಟುವುದಿಲ್ಲ, ಅವರು ಸಂತೆಯಿಂದಲೇ ಎದ್ದು ಹೋಗುತ್ತಾರೆ. ಉಳಿಯುವುದು ಡಬ್ಬಾಗಳೇ. ಇಂಥ ಕೆಲಸಕ್ಕಾಗಿ 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ರಿಪೇರಿ ಕೆಲಸಕ್ಕೆ ಇದನ್ನು ಹಚ್ಚಿ ನೋಡಿ. "ಎಲ್ಲಾ ಪ್ಲಂಬರುಗಳೂ ಒಂದೇ, ಯಾರು ಕಡಿಮೆಗೆ ಬರುತ್ತಾರೋ ಅವರು ಬರಲಿ" ಅಂತ ಎಲ್ಲರೂ ಅಂದರೆ, ಕೆಲಸ ಬಲ್ಲವರು ಚಿಲ್ಲರೆ ರಿಪೇರಿಗೆ ಬರುವುದನ್ನೇ ಬಿಟ್ಟು ದೊಡ್ಡ ಕಟ್ಟಡಗಳ ಕಡೆ ಹೋಗುತ್ತಾರೆ. ಆಮೇಲೆ ನಾವೇ "ಈಗ ಒಳ್ಳೆ ಕೆಲಸದವರೇ ಸಿಗಲ್ಲ" ಅಂತ ಗೊಣಗುತ್ತೇವೆ.

ಪ್ರಶ್ನೆ: ಅನುಭವ ಇದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಇದೆಯಾ ಅಂತ ಪತ್ತೆ ಹಚ್ಚುವುದು ಹೇಗೆ?

ಇಪ್ಪತ್ತು ವರ್ಷದ ಅನುಭವ ಅಂತ ಬೋರ್ಡಿನಲ್ಲಿ ಬರೆಸಿಕೊಂಡದ್ದಕ್ಕೆ ನಾನು ಬೆಲೆ ಕೊಡುವುದಿಲ್ಲ. ಒಂದೇ ತಪ್ಪನ್ನು ಇಪ್ಪತ್ತು ವರ್ಷ ಮಾಡಿದವರೂ ಇದ್ದಾರೆ. ನಾನು ನೋಡುವುದು ಬೇರೆ: ಬಂದವರು ಮೊದಲು ಪೆಟ್ಟಿಗೆ ತೆಗೆಯುತ್ತಾರಾ, ಪ್ರಶ್ನೆ ಕೇಳುತ್ತಾರಾ?

ಗೋಡೆ ಒದ್ದೆಯಾಗಿದೆ ಅಂದುಕೊಳ್ಳಿ. ಬಲ್ಲವರು ಸುತ್ತಿಗೆ ಎತ್ತುವುದಿಲ್ಲ. "ಯಾವಾಗಲೂ ಒದ್ದೆ ಇರುತ್ತಾ, ಸ್ನಾನ ಆದ ಮೇಲೆ ಮಾತ್ರವಾ, ಮಳೆ ಬಂದ ಮೇಲಾ?" ಅಂತ ಕೇಳುತ್ತಾರೆ. ಯಾವಾಗಲೂ ಅಂದರೆ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ ಅನುಮಾನ. ಸ್ನಾನದ ನಂತರ ಅಂದರೆ ಹೊರಹೋಗುವ ಪೈಪು ಅಥವಾ ನೆಲದ ಸಂದಿ. ಮಳೆಗೆ ಮಾತ್ರ ಅಂದರೆ ಹೊರಗೋಡೆಯೋ ತಾರಸಿಯೋ. ಆಮೇಲೆ ಎಲ್ಲಾ ನಲ್ಲಿ ಮುಚ್ಚಿಸಿ ನೀರಿನ ಮೀಟರ್ ನೋಡುತ್ತಾರೆ. ಯಾರೂ ನೀರು ಬಳಸದಿದ್ದರೂ ಮುಳ್ಳು ತಿರುಗುತ್ತಿದ್ದರೆ ಮೀಟರಿನ ಈಚೆಗೆ ಎಲ್ಲೋ ನೀರು ಹೋಗುತ್ತಿದೆ ಅಂತಲೇ ಅರ್ಥ. ನೆಲದ ಕಿಂಡಿ ಮುಚ್ಚಿ ನೀರು ನಿಲ್ಲಿಸಿ ಒಂದು ದಿನ ಕಾಯುತ್ತಾರೆ. ನೀರು ಸ್ಲ್ಯಾಬಿನ ಮೇಲೆ ಹರಿದು, ಸೋರಿದ ಜಾಗದಿಂದ ಮಾರು ದೂರ ಬಂದು ಕಾಣಿಸಿಕೊಳ್ಳುವುದು ಅವರಿಗೆ ಗೊತ್ತು. ಅದಕ್ಕೇ ಕಲೆ ಕಂಡಲ್ಲೇ ಗೋಡೆ ಒಡೆಯುವುದಿಲ್ಲ.

ಇನ್ನೊಂದು ಉದಾಹರಣೆ. ಏಸಿ ತಂಪು ಕೊಡುತ್ತಿಲ್ಲ. ಬಂದವರು ನೋಡಿದ ಕೂಡಲೇ "ಗ್ಯಾಸ್ ಖಾಲಿ, ತುಂಬಿಸಬೇಕು" ಅಂದರೆ ಒಂದು ನಿಮಿಷ ತಡೆಯಿರಿ. ಏಸಿಯ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಮುಗಿಯುವ ಸರಕಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆ ಆಗಿದೆ ಅಂದರೆ ಸೋರಿದೆ. ಸೋರುವ ಜಾಗ ಹುಡುಕಿ, ಬೆಸೆದು, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವ ಎಳೆದು, ಆಮೇಲೆ ತೂಕ ಮಾಡಿ ಗ್ಯಾಸ್ ತುಂಬುವವರು ಜಾಸ್ತಿ ಕೇಳುತ್ತಾರೆ. ಸುಮ್ನೆ ತುಂಬಿ ಹೋಗುವವರು ಕಡಿಮೆ ಕೇಳುತ್ತಾರೆ. ಆಮೇಲೆ ಮುಂದಿನ ಬೇಸಿಗೆಗೂ ಬರುತ್ತಾರೆ, ಅದರ ಮುಂದಿನ ಬೇಸಿಗೆಗೂ ಬರುತ್ತಾರೆ.

ಇದಕ್ಕೆ ಉಲ್ಟಾ ಒಂದಿದೆ. ಫ್ಯಾನ್ ನಿಧಾನಕ್ಕೆ ತಿರುಗುತ್ತಿದೆ ಅಂದರೆ ಎಷ್ಟೋ ಸಲ ಕೆಟ್ಟಿರುವುದು ಚಿಕ್ಕ ಕೆಪಾಸಿಟರ್. ಅಗ್ಗದ ಸಾಮಾನು. ಅದನ್ನು ನೋಡದೆ "ಮೋಟಾರ್ ರೀವೈಂಡಿಂಗ್ ಮಾಡಿಸಬೇಕು" ಅಂದವರು ಜಾಸ್ತಿ ಕೇಳಿದ ಮಾತ್ರಕ್ಕೆ ಅನುಭವಿಗಳಾಗಲಿಲ್ಲ. ಬೆಲೆಯ ಹಿಂದೆ ಕಾರಣ ಇರಬೇಕು. "ಯಾಕೆ ಹಾಗಂತೀರಿ, ತೋರಿಸಿ" ಅಂತ ಕೇಳಿ ನೋಡಿ. ಬಲ್ಲವರು ಕರೆದು ಬೆರಳಿಟ್ಟು ತೋರಿಸುತ್ತಾರೆ. ಅಷ್ಟು ಗೊತ್ತಿಲ್ಲದವರು ಸಿಡುಕುತ್ತಾರೆ.

ಪ್ರಶ್ನೆ: ಎಲ್ಲಾ ಕೆಲಸಕ್ಕೂ ಅಂಥವರೇ ಬೇಕಾ?

ಬೇಡ. ಪರದೆಯ ರಾಡ್ ಕೂರಿಸುವುದಕ್ಕೆ, ಶವರಿನ ತಲೆ ಬದಲಾಯಿಸುವುದಕ್ಕೆ, ಗೇಟಿಗೆ ಬಣ್ಣ ಹೊಡೆಯುವುದಕ್ಕೆ ಕೆಲಸ ಕಲಿಯುತ್ತಿರುವ ಹುಡುಗರನ್ನು ಕರೆಯಿರಿ, ಕಡಿಮೆ ಕೂಲಿಯಲ್ಲಿ ಆಗುತ್ತದೆ. ಅವರೂ ಎಲ್ಲಾದರೂ ಕಲಿಯಬೇಕಲ್ಲ. ನಾನು ಹಾಕಿಕೊಂಡ ಗೆರೆ ಇದು: ಕೆಟ್ಟರೆ ಕಣ್ಣಿಗೆ ಕಾಣುವಂಥದ್ದು, ಮತ್ತೆ ಮಾಡಿಸಲು ಆಗುವಂಥದ್ದು ಯಾರ ಕೈಯಲ್ಲಾದರೂ ಸರಿ. ಗೋಡೆಯೊಳಗೆ ಮುಚ್ಚಿಹೋಗುವುದು, ಬೆಂಕಿ ಹತ್ತಬಹುದಾದದ್ದು, ಶಾಕ್ ಹೊಡೆಯುವುದು, ಭಾರ ಹೊರುವುದು, ಅಡುಗೆ ಗ್ಯಾಸಿನ ಪೈಪು, ಇವಕ್ಕೆ ಪಳಗಿದ ಕೈಯೇ ಬೇಕು. ಸಡಿಲವಾಗಿ ಬಿಟ್ಟ ಒಂದು ವೈರಿನ ತಿರುಪು ತಿಂಗಳುಗಟ್ಟಲೆ ಬಿಸಿಯಾಗುತ್ತಾ ಹೋಗಿ ಒಂದು ದಿನ ಸಾಕೆಟ್ಟನ್ನೇ ಸುಡುತ್ತದೆ. ಹೊರಗಿನಿಂದ ನೋಡಿದರೆ ಅಲ್ಲಿಯವರೆಗೂ ಎಲ್ಲಾ ಸರಿಯಾಗಿಯೇ ಇರುತ್ತದೆ.

ಪ್ರಶ್ನೆ: ಗುತ್ತಿಗೆಗೆ ಕೊಡುವುದು ಒಳ್ಳೆಯದಾ, ದಿನಗೂಲಿಗಾ?

ಏನು ಮಾಡಬೇಕು ಅಂತ ಇಬ್ಬರಿಗೂ ಸ್ಪಷ್ಟವಾಗಿ ಗೊತ್ತಿದ್ದರೆ ಗುತ್ತಿಗೆ. ಹಳೇ ಮನೆ, ಒಳಗೆ ಏನಿದೆಯೋ ಗೊತ್ತಿಲ್ಲ ಅಂದರೆ ದಿನಗೂಲಿ. ಗೊತ್ತಿಲ್ಲದ ಕೆಲಸವನ್ನು ಗುತ್ತಿಗೆಗೆ ಕೊಟ್ಟರೆ ಭಯಕ್ಕೆ ಅವರು ಜಾಸ್ತಿ ಹೇಳುತ್ತಾರೆ, ಇಲ್ಲಾ ಕಡಿಮೆ ಹೇಳಿ ಆಮೇಲೆ ಕೈ ಕಚ್ಚಿತು ಅಂತ ಅರೆಬರೆ ಮಾಡುತ್ತಾರೆ. ನಡುವಿನ ದಾರಿಯೂ ಇದೆ. ಹುಡುಕುವವರೆಗೆ ಒಂದು ದಿನದ ಕೂಲಿ, ಸಿಕ್ಕ ಮೇಲೆ ಮಿಕ್ಕದ್ದಕ್ಕೆ ಗುತ್ತಿಗೆ. ನಾನು ಈಗ ಹೆಚ್ಚಾಗಿ ಹೀಗೇ ಮಾಡುವುದು.

ಗುತ್ತಿಗೆಯಲ್ಲಿ ಒಂದು ಎಚ್ಚರ. ಬೇಗ ಮುಗಿಸಿದಷ್ಟೂ ಅವರಿಗೆ ಲಾಭ. ಆದರೆ ಕೆಲವು ಕೆಲಸ ಕಾಯಲೇಬೇಕು. ಸಿಮೆಂಟ್ ಗಾರೆಗೆ ಕನಿಷ್ಠ ಒಂದು ವಾರ ನೀರು ಉಣಿಸಬೇಕು. ಪ್ಲಾಸ್ಟಿಕ್ ಪೈಪು ಅಂಟಿಸುವ ಸೊಲ್ಯೂಷನ್ ಹಿಡಿಯುವ ಮೊದಲು ನೀರು ಬಿಡಬಾರದು. ಗೋಡೆ ಒಣಗುವ ಮೊದಲೇ ಬಣ್ಣ ಹೊಡೆದರೆ ಹಪ್ಪಳದ ಹಾಗೆ ಏಳುತ್ತದೆ. "ಇವತ್ತೇ ಮುಗಿಸಿಕೊಡಿ" ಅಂತ ಪೀಡಿಸಿ ಇದನ್ನೆಲ್ಲ ಕೆಡಿಸುವುದು ಬಹಳ ಸಲ ನಾವೇ.

ಪ್ರಶ್ನೆ: ಸಾಮಾನು ನಾವೇ ತಂದುಕೊಟ್ಟರೆ ಉಳಿಯುತ್ತದಾ?

ನಲ್ಲಿ, ದೀಪ, ಟೈಲ್ಸ್ ಥರ ಕಣ್ಣಿಗೆ ಕಾಣುವುದನ್ನು ನೀವೇ ತನ್ನಿ, ನಿಮ್ಮ ಇಷ್ಟದ್ದು ಸಿಗುತ್ತದೆ. ವಾಷರ್, ಜಾಯಿಂಟು, ವೈರು, ಸೊಲ್ಯೂಷನ್ ಅವರಿಗೇ ಬಿಡಿ. ನೀವು ತಂದ ಸಾಮಾನು ಕೆಟ್ಟರೆ ಹೊಣೆ ನಿಮ್ಮದು, ಮತ್ತೆ ಬಿಚ್ಚಿ ಹಾಕುವ ಕೂಲಿಯೂ ನಿಮ್ಮದೇ. ಸಾಮಾನಿನ ಮೇಲೆ ಅವರು ಸ್ವಲ್ಪ ಇಟ್ಟುಕೊಳ್ಳುತ್ತಾರೆ ಅನ್ನುವುದು ನಿಜ. ಅಂಗಡಿಗೆ ಹೋಗಿ, ಅಳತೆಗೆ ತಕ್ಕದ್ದು ಹುಡುಕಿ, ತಪ್ಪಿದ್ದನ್ನು ವಾಪಸ್ ಮಾಡಿ ಬರುವ ಕೆಲಸಕ್ಕೆ ಅದು ಕೂಲಿ ಅಂದುಕೊಳ್ಳಿ. ಬಿಲ್ ತೋರಿಸಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಬಿಲ್ಲಿಗಿಂತ ಎಷ್ಟು ಹೆಚ್ಚು ಅಂತ ಬಾಯಿಬಿಟ್ಟು ಹೇಳುವವರಾದರೆ ಇನ್ನೂ ವಾಸಿ.

ಪ್ರಶ್ನೆ: ಅಡ್ವಾನ್ಸ್ ಎಷ್ಟು ಕೊಡಬಹುದು?

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಹುಟ್ಟಿದ್ದೇ ಬಹುಶಃ ಯಾರೋ ರಿಪೇರಿಗೆ ಮುಂಗಡ ಕೊಟ್ಟ ಮೇಲೆ! ಒಂದು ದಿನದಲ್ಲಿ ಮುಗಿಯುವುದಕ್ಕೆ ಮುಂಗಡ ಬೇಕಿಲ್ಲ. ದೊಡ್ಡದಾದರೆ ಮೊದಲ ಹಂತದ ಸಾಮಾನಿಗೆ ಆಗುವಷ್ಟು ಕೊಡಿ. ಆಮೇಲೆ ಕೆಲಸ ಎಷ್ಟು ಆಗಿದೆಯೋ ಅಷ್ಟಕ್ಕೆ ಕೊಡುತ್ತಾ ಹೋಗಿ. ಪೈಪ್ ಎಳೆದು, ಒತ್ತಡ ಹಾಕಿ ಪರೀಕ್ಷೆ ಮಾಡಿ ತೋರಿಸಿದ ಮೇಲೆ ಒಂದು ಕಂತು, ಗೋಡೆ ಮುಚ್ಚಿದ ಮೇಲೆ ಒಂದು, ಎಲ್ಲಾ ಮುಗಿದು ಕಸ ಗುಡಿಸಿದ ಮೇಲೆ ಕೊನೆಯದು.

ಕೊನೆಯ ಕಂತನ್ನು ಹಿಡಿದಿಟ್ಟುಕೊಂಡು ಸತಾಯಿಸುವವರೂ ಇದ್ದಾರೆ. "ಸ್ವಲ್ಪ ದಿನ ನೋಡೋಣ" ಅಂತ ವಾರ, ತಿಂಗಳು ತಳ್ಳುವುದು. ಒಂದು ವಾರ ನೋಡಿ ಕೊಡುತ್ತೇನೆ ಅಂತ ಮೊದಲೇ ಮಾತಾಗಿದ್ದರೆ ಸರಿ. ಇಲ್ಲದಿದ್ದರೆ ಮುಗಿದ ದಿನವೇ ಕೊಟ್ಟುಬಿಡಿ. ನಾಳೆಯ ಸಾಮಾನನ್ನು ಇವತ್ತಿನ ದುಡ್ಡಿನಲ್ಲಿ ತರುವವರಿಗೆ ಒಂದು ತಿಂಗಳ ಬಾಕಿ ಎಂದರೆ ಸಾಲ. ಸಮಯಕ್ಕೆ ಕೊಡುವ ಮನೆಗೆ ಕೆಲಸದವರು ಬೇಗ ಬರುತ್ತಾರೆ, ಇದು ನಾನು ಕಂಡ ಸತ್ಯ.

ಪ್ರಶ್ನೆ: ಹಾಗಾದರೆ ಚೌಕಾಸಿ ಮಾಡಲೇಬಾರದಾ?

ಮಾಡಿ. ಆದರೆ ಬೆಲೆಯ ಮೇಲಲ್ಲ, ಕೆಲಸದ ಮೇಲೆ. "ನನ್ನ ಹತ್ತಿರ ಇಷ್ಟಿದೆ, ಇಷ್ಟರಲ್ಲಿ ಏನು ಮಾಡಬಹುದು?" ಅಂತ ಕೇಳಿ. ಒಳಗಿನ ಕಪಾಟಿಗೆ ಅಗ್ಗದ ಹಲಗೆ ಹಾಕಬಹುದು, ಪಾಲಿಶ್ ಮುಂದಿನ ವರ್ಷಕ್ಕೆ ಬಿಡಬಹುದು, ಹಳೇ ಕೀಲುಗಳನ್ನೇ ಬಳಸಬಹುದು. ಹೀಗೆ ಕಡಿಮೆಯಾದ ಬೆಲೆ ಇಬ್ಬರಿಗೂ ದಕ್ಕುತ್ತದೆ.

ಬರೀ ಮೊತ್ತವನ್ನೇ ಜಗ್ಗಿದರೆ ಏನಾಗುತ್ತದೆ ಅಂತ ನನಗೆ ಒಬ್ಬ ಬಡಗಿ ಕಲಿಸಿದರು. ಎರಡು ಬಾಗಿಲಿಗೆ ಅವರು ಹೇಳಿದ್ದನ್ನು ಜಗ್ಗಿ ಜಗ್ಗಿ ಮೂರನೇ ಎರಡಕ್ಕೆ ಇಳಿಸಿದೆ. ಅವರು ಒಂದು ಕ್ಷಣ ಸುಮ್ಮನಿದ್ದು "ಆಯ್ತು ಬಿಡಿ" ಅಂದರು. ನನಗೆ ಗೆದ್ದ ಸಂತೋಷ. ಮಳೆಗಾಲ ಬಂತು, ಎರಡೂ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡವು. ಇಳಿಸಿ ನೋಡಿದರೆ ಮೇಲಿನ ಮತ್ತು ಕೆಳಗಿನ ಅಂಚಿಗೆ ಬಣ್ಣವೇ ಇಲ್ಲ. ಬಾಗಿಲು ನಿಲ್ಲಿಸಿದ ಮೇಲೆ ಆ ಎರಡು ಅಂಚು ಯಾರಿಗೂ ಕಾಣುವುದಿಲ್ಲ. ಮರ ತೇವ ಕುಡಿಯುವುದು ಅಲ್ಲಿಂದಲೇ. "ಆಯ್ತು ಬಿಡಿ" ಅಂದದ್ದರ ಅರ್ಥ ಆಗ ತಿಳಿಯಿತು. ಅವರು ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ. ಆಗದು ಅಂತ ಎದ್ದು ಹೋಗಬೇಕಿತ್ತು. ಆದರೆ ಆ ಅಂಚಿನ ಬಣ್ಣವನ್ನು ಕಿತ್ತುಕೊಂಡದ್ದರಲ್ಲಿ ನನ್ನ ಪಾಲೂ ಇದೆ.

ಪ್ರಶ್ನೆ: ರಿಪೇರಿಯ ದುಡ್ಡಿಗೆ ಹೊಸದೇ ಬರುತ್ತದಲ್ಲ, ಯಾಕೆ ರಿಪೇರಿ ಮಾಡಿಸಬೇಕು?

ಕೆಲವು ಸಲ ಹೊಸದು ಕೊಳ್ಳುವುದೇ ಸರಿ. ಆದರೆ ಹೀಗೆ ಆಗುವುದು ಯಾಕೆ ಅಂತ ತಿಳಿದರೆ ಕೆಲಸದವರ ಮೇಲಿನ ಸಿಟ್ಟು ಕಡಿಮೆ ಆಗುತ್ತದೆ. ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಅನ್ನುವ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ಸಂಗೀತ, ನಾಟಕದ ಖರ್ಚಿನ ಬಗ್ಗೆ ಯೋಚಿಸುತ್ತಾ ಇದನ್ನು ಬಿಡಿಸಿದರು. ನಾಲ್ವರು ಕೂತು ನುಡಿಸುವ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಈಗಲೂ ಅಷ್ಟೇ. ಕಾರ್ಖಾನೆಯಲ್ಲಿ ಮಾತ್ರ ಅಷ್ಟೇ ಜನ ಮೊದಲಿಗಿಂತ ಎಷ್ಟೋ ಪಟ್ಟು ಸರಕು ತಯಾರಿಸುತ್ತಾರೆ. ಅಲ್ಲಿ ಕೂಲಿ ಏರುತ್ತದೆ, ಸರಕು ಅಗ್ಗವಾಗುತ್ತದೆ. ನುಡಿಸುವವರಿಗೂ ಬದುಕಲು ಅಷ್ಟೇ ಕೂಲಿ ಬೇಕಾದ್ದರಿಂದ ಸಂಗೀತ ಕಛೇರಿ ದುಬಾರಿಯಾಗುತ್ತದೆ.

ಮಿಕ್ಸಿ ಮೆಷಿನ್ನಿನಲ್ಲಿ ಹುಟ್ಟುತ್ತದೆ. ಕೆಟ್ಟ ಮಿಕ್ಸಿ ಮಾತ್ರ ಒಬ್ಬರ ಕೈಯಲ್ಲೇ ಬಿಚ್ಚಿಕೊಳ್ಳಬೇಕು. ಆ ಕೈ ಹಿಂದಿಗಿಂತ ಹತ್ತು ಪಟ್ಟು ಬೇಗ ಬಿಚ್ಚಲು ಆಗುವುದಿಲ್ಲ. ಅದಕ್ಕೇ ಹೊಸದರ ಪಕ್ಕದಲ್ಲಿಟ್ಟು ನೋಡಿದರೆ ರಿಪೇರಿ ವರ್ಷ ವರ್ಷ ದುಬಾರಿಯಾಗುತ್ತಿರುವ ಹಾಗೆ ಕಾಣುವುದು. ಗೋಡೆ, ಪೈಪು, ವೈರಿಂಗಿಗೆ ಈ ಮಾತೇ ಇಲ್ಲ. ಹೊಸ ಗೋಡೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಕೆಲಸದ ಮಧ್ಯೆ "ಇನ್ನೂ ಜಾಸ್ತಿ ಆಗುತ್ತೆ" ಅಂದರೆ?

ಕೆಲಸ ನಿಲ್ಲಿಸಿ, ತೋರಿಸಿ ಅನ್ನಿ. ಗೋಡೆ ಒಡೆದ ಮೇಲೆ ಒಳಗಿನ ಪೈಪೆಲ್ಲ ತುಕ್ಕು ಹಿಡಿದದ್ದು ಕಂಡರೆ ಅದು ಅವರ ತಪ್ಪಲ್ಲ, ಜಾಸ್ತಿ ಕೇಳುವುದು ನ್ಯಾಯ. "ನಾನು ಅಂದುಕೊಂಡದ್ದಕ್ಕಿಂತ ಹೊತ್ತು ಹಿಡಿಯಿತು" ಅನ್ನುವುದು ಮಾತ್ರ ಅವರ ಲೆಕ್ಕದ ತಪ್ಪು, ಗುತ್ತಿಗೆ ಅಂದರೆ ಗುತ್ತಿಗೆಯೇ. ಶುರುವಿಗೆ ಮುಂಚೆಯೇ "ನನ್ನನ್ನು ಕೇಳದೆ ಹೆಚ್ಚಿನ ಕೆಲಸ ಮಾಡಬೇಡಿ" ಅಂತ ಹೇಳಿಬಿಡಿ.

ಪ್ರಶ್ನೆ: ರಿಪೇರಿ ಆದದ್ದು ಮತ್ತೆ ಕೆಟ್ಟರೆ?

ಅದೇ ಜಾಗ, ಅದೇ ತೊಂದರೆಯಾದರೆ ಮೊದಲು ಅವರನ್ನೇ ಕರೆಯಿರಿ. ಬೇರೆಯವರ ಕೈ ಬಿದ್ದ ಮೇಲೆ ಯಾರ ತಪ್ಪು ಅಂತ ಹೇಳಲು ಆಗುವುದಿಲ್ಲ. ಒಳ್ಳೆಯವರು ಬಂದು ಕೂಲಿ ಇಲ್ಲದೆ ಸರಿ ಮಾಡುತ್ತಾರೆ. ಹೀಗೆ ವಾಪಸ್ ಬಂದು ಮಾಡುವುದರ ಖರ್ಚೂ ಅವರು ಮೊದಲು ಹೇಳಿದ ಬೆಲೆಯೊಳಗೇ ಇರುತ್ತದೆ, ಇದು ನೆನಪಿರಲಿ. ತೀರಾ ಅಗ್ಗಕ್ಕೆ ಮಾಡಿದವರು ಆಮೇಲೆ ಫೋನ್ ಎತ್ತದೇ ಇರುವುದಕ್ಕೆ ಅರ್ಧ ಕಾರಣ ಇದೇ.

ಪ್ರಶ್ನೆ: ರಾತ್ರಿ ಹೊತ್ತು, ಹಬ್ಬದ ದಿನ ಎರಡು ಪಟ್ಟು ಕೇಳುತ್ತಾರಲ್ಲ?

ಕೇಳಲಿ ಬಿಡಿ, ಅವರೂ ಮನೆಯಲ್ಲಿ ಊಟಕ್ಕೆ ಕೂತಿರುತ್ತಾರೆ. ನಿಮ್ಮ ಮನೆಯ ನೀರಿನ ಮೇನ್ ವಾಲ್ವ್ ಎಲ್ಲಿದೆ, ಕರೆಂಟಿನ ಮೇನ್ ಸ್ವಿಚ್ ಎಲ್ಲಿದೆ ಅಂತ ಗೊತ್ತಿದ್ದರೆ ರಾತ್ರಿಯ ಅರ್ಧ ಕರೆಗಳು ಬೆಳಗ್ಗೆವರೆಗೆ ಕಾಯುತ್ತವೆ.

ಪ್ರಶ್ನೆ: ಅವರು ಕೇಳಿದ್ದು ತೀರಾ ಕಡಿಮೆ ಅನ್ನಿಸಿದರೆ?

ಕೆಲವು ಹಳಬರು ಹೀಗೇ. ಕೆಲಸ ಚಿನ್ನದಂಥದ್ದು, ಬಾಯಿ ಬರುವುದಿಲ್ಲ. ಹತ್ತು ವರ್ಷದ ಹಿಂದಿನ ರೇಟನ್ನೇ ಹೇಳಿಕೊಂಡು ಬರುತ್ತಾರೆ. ಅಂಥವರಿಗೆ ಸುಮ್ನೆ ಸೇರಿಸಿ ಕೊಟ್ಟರೆ ಭಿಕ್ಷೆ ಅಂದುಕೊಂಡು ಬೇಸರ ಮಾಡಿಕೊಳ್ಳುವುದೂ ಉಂಟು. "ಬೇರೆಯವರು ಇದಕ್ಕೆ ಇಷ್ಟು ತಗೊಳ್ತಾರೆ, ನೀವೂ ಅಷ್ಟೇ ತಗೊಳ್ಳಿ" ಅಂತ ನೇರವಾಗಿ ಹೇಳಿ. ಜೊತೆಗೆ ಅವರ ನಂಬರನ್ನು ನಾಲ್ಕು ಜನಕ್ಕೆ ಕೊಡುವಾಗ ಸರಿಯಾದ ರೇಟನ್ನೂ ಹೇಳಿ ಕೊಡಿ. ನಾನು ಮೊದಲೆಲ್ಲ "ತುಂಬಾ ಕಡಿಮೆಗೆ ಮಾಡ್ತಾರೆ" ಅಂತ ಹೊಗಳುತ್ತಿದ್ದೆ. ಅದು ಹೊಗಳಿಕೆ ಅಲ್ಲ, ಅವರ ಮುಂದಿನ ನಾಲ್ಕು ಮನೆಯ ಕೂಲಿಗೂ ನಾನೇ ಕಲ್ಲು ಹಾಕಿದ ಹಾಗೆ ಅಂತ ತಡವಾಗಿ ಹೊಳೆಯಿತು.

ಪ್ರಶ್ನೆ: ಅವರ ಕೂಲಿ ಮುಟ್ಟದೆ ನನ್ನ ಖರ್ಚು ಕಡಿಮೆ ಮಾಡಿಕೊಳ್ಳಲು ದಾರಿ ಇದೆಯಾ?

ಬೇಕಾದಷ್ಟಿದೆ. ಚಿಲ್ಲರೆ ಕೆಲಸಗಳನ್ನು ಬರೆದಿಟ್ಟುಕೊಂಡು ಐದಾರು ಸೇರಿದ ಮೇಲೆ ಒಂದೇ ಸಲ ಕರೆಯಿರಿ, ಓಡಾಟದ ಖರ್ಚು ಒಂದೇ ಬೀಳುತ್ತದೆ. ಬರುವ ಮೊದಲು ಸಿಂಕಿನ ಕೆಳಗಿನ ಡಬ್ಬಿಗಳನ್ನು, ಮಂಚವನ್ನು ನೀವೇ ಸರಿಸಿಡಿ. ಪಳಗಿದ ಕೈಗೆ ಕೊಡುವ ಕೂಲಿಯಲ್ಲಿ ಮಂಚ ಎಳೆಸುವುದು ದಂಡ. ಕೆಟ್ಟ ಭಾಗದ ಫೋಟೋ, ಮೆಷಿನ್ನಿನ ಹಿಂದೆ ಅಂಟಿಸಿದ ಮಾಡೆಲ್ ನಂಬರಿನ ಫೋಟೋ ಮೊದಲೇ ಕಳಿಸಿದರೆ ಸರಿಯಾದ ಸಾಮಾನು ಹಿಡಿದುಕೊಂಡೇ ಬರುತ್ತಾರೆ. ಯಾವಾಗ ಕೆಡುತ್ತದೆ, ಆಗ ಇನ್ನೇನು ಚಾಲೂ ಇತ್ತು ಅಂತ ಎರಡು ದಿನ ಗಮನಿಸಿ ಬರೆದಿಡಿ. ಗೇಟಿನ ದೀಪದ ಕಥೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ವಿಷಯ ನಾನು ಮೊದಲನೆಯ ದಿನವೇ ಹೇಳಿದ್ದರೆ ಆ ಕಾಯಿಲ್ ಉಳಿಯುತ್ತಿತ್ತೋ ಏನೋ.

ಇನ್ನೊಂದು. ಗೋಡೆ ಒಡೆದು ಪೈಪು, ವೈರು ಹಾಕಿಸಿದಾಗ ಗಾರೆ ಮುಚ್ಚುವ ಮೊದಲು ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೋ ತೆಗೆದುಕೊಳ್ಳಿ. ನೆಲದಿಂದ ಎಷ್ಟು ಎತ್ತರ, ಬಾಗಿಲಿನಿಂದ ಎಷ್ಟು ದೂರ ಅಂತ ಕಾಣಬೇಕು. ನಮ್ಮ ಬೋರ್ಡಿನ ಮುಚ್ಚಳದ ಒಳಗೆ ಅಂಥ ನಾಲ್ಕು ಫೋಟೋ ಅಂಟಿಸಿದ್ದೇನೆ. ಕಳೆದ ಸಲ ಬಂದ ಪ್ಲಂಬರ್ ಅದನ್ನು ನೋಡಿ ಉಳಿಯನ್ನು ಒಂದೇ ಟೈಲಿಗೆ ಇಟ್ಟರು. ಪೈಪು ಅಲ್ಲೇ ಇತ್ತು.